ಮೂಲೆಯಲ್ಲಿ ಯಾರೋ ಕಾಯುತ್ತಿದ್ದಾರೆ: ಗುಂಪು ಕಟ್ಟಿಕೊಂಡು ದಿನವೂ ನಡೆಯುವ ಬಗೆ

ಆಷಾಢದ ಒಂದು ಬೆಳಗ್ಗೆ ಮೈಸೂರಿನಲ್ಲಿ ಜಿಟಿಜಿಟಿ ಮಳೆ. ಐದೂವರೆಗೆ ಎಚ್ಚರವಾದಾಗ ಹೊರಗೆ ಇನ್ನೂ ಕತ್ತಲು. ಈ ದಿನ ಬೇಡ ಎಂದು ಹೊದಿಕೆ ಎಳೆದುಕೊಂಡೆ. ಆಗ ನೆನಪಾಯಿತು, ನಮ್ಮ ಬೀದಿಯ ಕೊನೆಯ ಹಾಲಿನ ಬೂತಿನ ಹತ್ತಿರ ಎಪ್ಪತ್ತು ದಾಟಿದ ಮೇಷ್ಟ್ರೊಬ್ಬರು ನಿಂತಿರುತ್ತಾರೆ. ಅವರ ಬಳಿ ಮೊಬೈಲ್ ಇಲ್ಲ. ಬರುವುದಿಲ್ಲ ಎಂದು ತಿಳಿಸಬೇಕಾದರೂ ಅಲ್ಲಿಯವರೆಗೆ ಹೋಗಲೇಬೇಕು. ಹೇಳಿ ಬಂದುಬಿಡೋಣವೆಂದು ಕೊಡೆ ಹಿಡಿದು ಹೊರಟೆ. ಬೂತಿನ ತಗಡಿನ ಸೂರಿನಡಿ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಮಡಿಸಿದ ಕೊಡೆಯನ್ನು ಊರುಗೋಲಿನಂತೆ ನೆಲಕ್ಕೆ ಊರಿ ನಿಂತಿದ್ದರು. ನನ್ನನ್ನು ಕಂಡೊಡನೆ, “ಬಂದಿರಾ? ಹಾಗಾದರೆ ಹೊರಡೋಣ” ಎಂದರು. ನಾನು ಹೇಳಬೇಕೆಂದಿದ್ದ ಮಾತು ಗಂಟಲಿನಲ್ಲೇ ಉಳಿಯಿತು. ಆ ದಿನ ನಲವತ್ತು ನಿಮಿಷ ನಡೆದೆವು.

ಅದಕ್ಕೂ ಮೊದಲು ಎಷ್ಟೋ ಜನವರಿ ಒಂದರಂದು, ಎಷ್ಟೋ ಯುಗಾದಿಯಂದು ನಾನು ಒಬ್ಬನೇ ನಡೆಯಲು ಆರಂಭಿಸಿದ್ದೆ. ಹತ್ತು ದಿನ, ಹೆಚ್ಚೆಂದರೆ ಮೂರು ವಾರ. ಆಮೇಲೆ ಒಂದು ನೆಗಡಿ, ಒಂದು ಮದುವೆ, ಅಲ್ಲಿಗೆ ಮುಗಿಯಿತು. ನನ್ನಲ್ಲಿ ಮನೋಬಲ ಇಲ್ಲವೆಂದೇ ತಿಳಿದಿದ್ದೆ. ಆ ಮಳೆಯ ಬೆಳಗ್ಗೆ ಬೇರೆ ವಿಷಯ ಗೊತ್ತಾಯಿತು. ನಡೆಯುವ ಮನಸ್ಸು ನಮ್ಮೊಳಗೆ ದಿನವೂ ತಾನಾಗಿ ಹುಟ್ಟಬೇಕೆಂದು ಕಾಯುತ್ತ ಕೂತರೆ ಅದು ಹುಟ್ಟುವುದಿಲ್ಲ. ಮೂಲೆಯಲ್ಲಿ ಒಬ್ಬರು ನಮಗಾಗಿ ನಿಂತಿದ್ದರೆ ಕಾಲು ಮೊದಲು ಹೊರಡುತ್ತದೆ, ಮನಸ್ಸು ಅರ್ಧ ದಾರಿಯಲ್ಲಿ ಬಂದು ಕೂಡಿಕೊಳ್ಳುತ್ತದೆ. ಮುಂದೆ ಬರೆದಿರುವುದೆಲ್ಲ ಹಾಗೆ ಒಬ್ಬರು ನಿಂತಿರುವಂತೆ, ನೀವೂ ಇನ್ನೊಬ್ಬರಿಗಾಗಿ ನಿಂತಿರುವಂತೆ ಏರ್ಪಾಡು ಮಾಡಿಕೊಳ್ಳುವ ಬಗೆ. ನಮ್ಮ ಗುಂಪಿನಲ್ಲಿ ಈಗ ಹನ್ನೊಂದು ಜನ ಇದ್ದೇವೆ.

ಪಾದಯಾತ್ರೆ ಗೊತ್ತಿರುವ ನಾಡು ನಮ್ಮದು

ಗುಂಪಿನ ನಡಿಗೆ ನಮಗೆ ಹೊಸದಲ್ಲ. ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಚಾರ್ಮಾಡಿ ಘಾಟಿಯಲ್ಲಿ ಹೋದವರು ನೋಡಿರುತ್ತೀರಿ, ಧರ್ಮಸ್ಥಳಕ್ಕೆ ಹೊರಟ ಸಾವಿರಾರು ಜನ ರಸ್ತೆಯ ಅಂಚಿನಲ್ಲಿ ಸಾಲುಗಟ್ಟಿ ನಡೆಯುತ್ತಿರುತ್ತಾರೆ. ಯುಗಾದಿ ಹತ್ತಿರವಾದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲದತ್ತ ನಡೆದೇ ಹೋಗುವವರಿದ್ದಾರೆ. ಅವರಲ್ಲಿ ಎಷ್ಟೋ ಜನ ಊರಿನಲ್ಲಿರುವಾಗ ಕಿರಾಣಿ ಅಂಗಡಿಗೂ ಬೈಕಿನಲ್ಲಿ ಹೋಗುವವರು. ಭಕ್ತಿ ದೊಡ್ಡದು, ನಿಜ. ಅದರ ಜೊತೆಗೆ ಬೇರೆ ಏರ್ಪಾಡುಗಳೂ ಇವೆ: ಹೊರಡುವ ದಿನ ನಿಗದಿಯಾಗಿರುತ್ತದೆ, ಪಕ್ಕದಲ್ಲಿ ಊರಿನವರು ಇರುತ್ತಾರೆ, ಹಾಡು ಇರುತ್ತದೆ, ದಾರಿಯಲ್ಲಿ ಮಜ್ಜಿಗೆ ಕೊಡುವವರು, ಕಾಲಿಗೆ ಎಣ್ಣೆ ತಿಕ್ಕುವವರು ಇರುತ್ತಾರೆ. ಯಾರಿಗಾದರೂ ಕಾಲು ಬೊಬ್ಬೆ ಬಂದರೆ ಬಿಟ್ಟು ಮುಂದೆ ಹೋಗುವುದಿಲ್ಲ. ಇದೇ ಏರ್ಪಾಡನ್ನು ಚಿಕ್ಕದು ಮಾಡಿ ನಮ್ಮ ಬಡಾವಣೆಗೆ ತಂದುಕೊಂಡರೆ ಸಾಕು.

ವೈದ್ಯವಿಜ್ಞಾನವೂ ಇದನ್ನು ಅಳೆದು ನೋಡಿದೆ. 2015ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕರು ನಡಿಗೆಯ ಗುಂಪುಗಳ ಮೇಲೆ ನಡೆದ 42 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಅವುಗಳಲ್ಲಿ ಭಾಗವಹಿಸಿದ್ದವರು 1,843 ಜನ. ರಕ್ತದೊತ್ತಡ, ವಿಶ್ರಾಂತಿಯಲ್ಲಿರುವಾಗಿನ ನಾಡಿಬಡಿತ, ದೇಹದ ಕೊಬ್ಬು ಇಳಿದಿದ್ದವು. ಖಿನ್ನತೆಯ ಅಂಕಗಳೂ ತಗ್ಗಿದ್ದವು. ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಸುಮಾರು ಮುಕ್ಕಾಲು ಪಾಲು ಜನ ಬಿಡದೆ ಮುಂದುವರಿದಿದ್ದರು ಎಂಬುದು. ವ್ಯಾಯಾಮದ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಜಿಮ್‌ಗೆ ವರ್ಷದ ಹಣ ಕಟ್ಟಿ ಎರಡನೆಯ ತಿಂಗಳಿಗೆ ನಿಲ್ಲಿಸಿದವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ.

ಮೊದಲ ವಾರ: ಎಣಿಸಿ, ಹೆಚ್ಚಿಸಬೇಡಿ

ಈ ವಾರ ಹೆಚ್ಚು ನಡೆಯಲು ಹೋಗಬೇಡಿ. ಈಗ ಎಷ್ಟು ನಡೆಯುತ್ತಿದ್ದೀರೋ ಅದನ್ನು ಏಳು ದಿನ ಬರೆದಿಡಿ. ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಸಾಕು. ಏಳು ದಿನದ ಮೊತ್ತವನ್ನು ಏಳರಿಂದ ಭಾಗಿಸಿದರೆ ಬರುವುದೇ ನಿಮ್ಮ ಇಂದಿನ ಲೆಕ್ಕ. ಕೆಲವರಿಗೆ 2,500 ಬರುತ್ತದೆ, ಕೆಲವರಿಗೆ 6,000. ಎಷ್ಟೇ ಬಂದರೂ ನಾಚಿಕೆ ಪಡಬೇಕಾದದ್ದಿಲ್ಲ, ಇನ್ನೊಬ್ಬರ ಲೆಕ್ಕದೊಂದಿಗೆ ಹೋಲಿಸಬೇಕಾದದ್ದೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಗುಂಪಿನ ಗೃಹಿಣಿಯೊಬ್ಬರ ಮೊಬೈಲು ದಿನಕ್ಕೆ 900 ಹೆಜ್ಜೆ ಎಂದು ತೋರಿಸುತ್ತಿತ್ತು. ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಅಡುಗೆಮನೆ, ಹಿತ್ತಲು, ತಾರಸಿ ಎಂದು ಓಡಾಡುವವರು ಅವರು. ಮೊಬೈಲು ಮಾತ್ರ ಹಜಾರದ ಟಿವಿಯ ಪಕ್ಕದಲ್ಲಿ ಚಾರ್ಜಿಗೆ ಕೂತಿರುತ್ತಿತ್ತು. ಒಂದು ವಾರ ಅದನ್ನು ಚಿಕ್ಕ ಬಟ್ಟೆಯ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಎಂದೆವು. 4,700 ಬಂತು. ಅವರ ಮುಖದಲ್ಲಿ ಮೂಡಿದ ಬೆಳಕು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಯಾರೂ ಎಣಿಸದ ದುಡಿಮೆಗೆ ಮೊದಲ ಬಾರಿ ಒಂದು ಲೆಕ್ಕ ಸಿಕ್ಕಿತ್ತು.

ಮೊಬೈಲ್ ಬೇಡವೆನ್ನುವವರು ನಿಮಿಷದ ಲೆಕ್ಕ ಇಡಬಹುದು. ಹತ್ತು ನಿಮಿಷದ ಚುರುಕು ನಡಿಗೆಗೆ ಹೆಚ್ಚುಕಡಿಮೆ 1,000 ಹೆಜ್ಜೆ ಆಗುತ್ತದೆ, ಮುಕ್ಕಾಲು ಕಿಲೋಮೀಟರಿನಷ್ಟು ದೂರ. ಮೇಷ್ಟ್ರು ಇಂದಿಗೂ ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಪೆನ್ಸಿಲಿನಿಂದ ನಿಮಿಷ ಬರೆಯುತ್ತಾರೆ.

ಹತ್ತು ಸಾವಿರವೇ ಆಗಬೇಕೆ?

ಬೇಡ. ಆ ಸಂಖ್ಯೆ ಬಂದದ್ದು ವೈದ್ಯರಿಂದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಉಪಕರಣವನ್ನು ‘ಮಾನ್‌ಪೋ-ಕೇ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅದರ ಅರ್ಥ. ಹೆಸರು ಬಾಯಿಗೆ ಚೆನ್ನಾಗಿತ್ತು, ಲೋಕವೆಲ್ಲ ಹಬ್ಬಿತು.

2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಮಹಿಳೆಯರ ಹೆಜ್ಜೆಗಳನ್ನು ಅಳೆದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗೆ ಹೋಲಿಸಿದರೆ ಸುಮಾರು 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. 7,500ರ ಹೊತ್ತಿಗೆ ಆ ಲಾಭ ಒಂದು ಮಟ್ಟಕ್ಕೆ ಬಂದು ನಿಂತಿತ್ತು. ಮುಂದೆ ಬಂದ ದೊಡ್ಡ ವಿಶ್ಲೇಷಣೆಗಳೂ ಅರವತ್ತು ದಾಟಿದವರಿಗೆ 6,000ದಿಂದ 8,000, ಅದಕ್ಕಿಂತ ಚಿಕ್ಕವರಿಗೆ 8,000ದಿಂದ 10,000 ಎಂಬಲ್ಲಿಗೆ ಬಂದು ನಿಲ್ಲುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ನಿಮಿಷದಲ್ಲಿ ಹೇಳುತ್ತದೆ: ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನವಾಯಿತು.

ಹಾಗಾಗಿ ನಿಮ್ಮ ಮೊದಲ ವಾರದ ಲೆಕ್ಕಕ್ಕೆ 500 ಅಥವಾ 1,000 ಸೇರಿಸಿ. ಎರಡು ವಾರ ಅಲ್ಲೇ ನಿಲ್ಲಿ. ಸಲೀಸಾಗಿದೆ ಅನಿಸಿದರೆ ಮತ್ತೆ ಅಷ್ಟೇ ಸೇರಿಸಿ. 3,000ದಿಂದ ಆರಂಭಿಸಿದವರು ಮೂರು ನಾಲ್ಕು ತಿಂಗಳಲ್ಲಿ 7,000 ಮುಟ್ಟುತ್ತಾರೆ. ಅವಸರಪಟ್ಟು ಮೊದಲ ದಿನವೇ ಹತ್ತು ಸಾವಿರ ಹಾಕಿದವರು ಮೂರನೆಯ ದಿನ ಮೀನಖಂಡ ಹಿಡಿದುಕೊಂಡು ಕೂರುತ್ತಾರೆ.

ಬಿರುಸು ಎಷ್ಟಿರಬೇಕು ಎಂದು ತಿಳಿಯಲು ಯಂತ್ರ ಬೇಡ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತೂ ತುಂಡಾಗುತ್ತಿದ್ದರೆ ನಿಧಾನಿಸಿ. ಜೊತೆಯಲ್ಲಿ ಮಾತಾಡುವವರಿದ್ದರೆ ಈ ಪರೀಕ್ಷೆ ತಾನೇ ನಡೆಯುತ್ತಿರುತ್ತದೆ.

ಯಾರನ್ನು ಕರೆಯಬೇಕು?

ಮೊದಲು ಒಬ್ಬರನ್ನು. ಹತ್ತು ಜನರ ಪಟ್ಟಿ ಮಾಡಿ, ಹೆಸರಿಟ್ಟು, ಟೀ ಶರ್ಟ್ ಹೊಲಿಸಿ ಆರಂಭಿಸಿದ ಗುಂಪುಗಳು ಬೇಗ ಕರಗುವುದನ್ನು ಕಂಡಿದ್ದೇನೆ. ಒಬ್ಬರ ಜೊತೆ ಮೂರು ವಾರ ನಡೆಯಿರಿ. ದಿನವೂ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಇಬ್ಬರು ಹೋಗುತ್ತಿದ್ದರೆ ಗೇಟಿನ ಹತ್ತಿರ ರಂಗೋಲಿ ಹಾಕುತ್ತಿದ್ದವರು ತಾವಾಗಿ ಕೇಳುತ್ತಾರೆ, “ನಾನೂ ಬರಬಹುದಾ?” ನಮ್ಮ ಹನ್ನೊಂದು ಜನರಲ್ಲಿ ಏಳು ಜನ ಹೀಗೆ ಬಂದವರು.

ಆ ಮೊದಲ ಒಬ್ಬರು ಆಪ್ತ ಸ್ನೇಹಿತರೇ ಆಗಬೇಕಾಗಿಲ್ಲ. ನನ್ನ ಅನುಭವದಲ್ಲಿ ತೀರಾ ಆಪ್ತರಾದರೆ ಸಲಿಗೆಯಿಂದ ಇಬ್ಬರೂ ಕೂಡಿ ತಪ್ಪಿಸುತ್ತೇವೆ. ಸ್ವಲ್ಪ ಗೌರವ, ಸ್ವಲ್ಪ ಸಂಕೋಚ ಇರುವ ಸಂಬಂಧ ಹೆಚ್ಚು ಬಾಳುತ್ತದೆ. ಎರಡು ಮನೆ ಆಚೆಯವರು, ಮಗಳ ಸಹಪಾಠಿಯ ತಾಯಿ, ಅದೇ ಬಸ್ಸಿಗೆ ಕಾಯುವ ಸಹೋದ್ಯೋಗಿ ಸರಿಯಾದ ಆಯ್ಕೆ. ಗಂಡ ಹೆಂಡತಿ ಜೋಡಿಯಾಗಿ ಆರಂಭಿಸುವುದಾದರೆ ಮೂರನೆಯವರೊಬ್ಬರನ್ನು ಸೇರಿಸಿಕೊಳ್ಳಿ. ಇಲ್ಲದಿದ್ದರೆ ಮನೆಯ ಮುನಿಸು ಒಂದು ದಿನದ ನಡಿಗೆಯನ್ನು ನುಂಗುತ್ತದೆ.

ವೇಗದಲ್ಲಿ ನಿಮಗಿಂತ ತುಸು ಮುಂದಿರುವವರು ಸಿಕ್ಕರೆ ಇನ್ನೂ ಒಳ್ಳೆಯದು. 1920ರ ದಶಕದಲ್ಲಿ ಜರ್ಮನಿಯ ಒಟ್ಟೊ ಕೋಲರ್ ಎಂಬ ಮನೋವಿಜ್ಞಾನಿ ಬರ್ಲಿನ್ನಿನ ದೋಣಿ ಕ್ಲಬ್ಬಿನ ಸದಸ್ಯರಿಂದ ಭಾರ ಎತ್ತಿಸಿ ನೋಡಿದ. ಒಬ್ಬರೇ ಎತ್ತುವಾಗ ಬೇಗ ಸೋಲುತ್ತಿದ್ದವರು, ತಾವು ಕೈಬಿಟ್ಟರೆ ಜೊತೆಗಾರನೂ ನಿಲ್ಲಿಸಬೇಕಾಗುತ್ತದೆ ಎಂದಾಗ ಹೆಚ್ಚು ಹೊತ್ತು ತಾಳಿದರು. ಇಬ್ಬರ ಬಲದ ಅಂತರ ತೀರಾ ದೊಡ್ಡದಾದಾಗ ಮಾತ್ರ ಈ ಪರಿಣಾಮ ಮಸುಕಾಯಿತು.

ಜಾಗ ಮತ್ತು ಹೊತ್ತು

ಜಾಗ ಎಲ್ಲರ ಮನೆಯಿಂದ ಐದು ನಿಮಿಷದೊಳಗೆ ಇರಲಿ. ಮೈಸೂರಿನಲ್ಲಿರುವ ನಮಗೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ. ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುತ್ತ ನಡೆಯುವ ಆ ಸುಖಕ್ಕೆ ಸಾಟಿಯಿಲ್ಲ. ಆದರೂ ವಾರದ ದಿನಗಳಲ್ಲಿ ನಾವು ಅಲ್ಲಿಗೆ ಹೋಗುವುದಿಲ್ಲ. ಸ್ಕೂಟರ್ ತೆಗೆದು, ಸಿಗ್ನಲ್ ದಾಟಿ, ನಿಲ್ಲಿಸಲು ಜಾಗ ಹುಡುಕುವುದರೊಳಗೆ ಇಪ್ಪತ್ತು ನಿಮಿಷ ಹೋಗುತ್ತದೆ, ಅಷ್ಟು ಸಾಕು ನೆಪ ಹುಟ್ಟಲು. ವಾರದಲ್ಲಿ ಬೀದಿ, ಭಾನುವಾರ ಕೆರೆ ಎಂದು ಗೊತ್ತು ಮಾಡಿಕೊಂಡಿದ್ದೇವೆ. ಲಾಲ್‌ಬಾಗಿನ ಸುತ್ತಮುತ್ತ ಇರುವವರಿಗೆ ಲಾಲ್‌ಬಾಗ್, ಹುಬ್ಬಳ್ಳಿಯ ಉಣಕಲ್ ಕಡೆಯವರಿಗೆ ಆ ಕೆರೆ ಸರಿ. ದೂರದವರು ತಮ್ಮ ಬೀದಿಯನ್ನೇ ನೆಚ್ಚಿಕೊಳ್ಳಲಿ.

ಸೇರುವ ಗುರುತು ಸೂರಿರುವ ಜಾಗವಾಗಿರಲಿ: ಹಾಲಿನ ಬೂತು, ಬಸ್ ತಂಗುದಾಣ, ದೇವಸ್ಥಾನದ ಜಗಲಿ. ಬೀದಿದೀಪ ಇರಬೇಕು. ಹೊತ್ತನ್ನು ಆರು ಗಂಟೆ ಎಂದಿಟ್ಟರೆ ಜನ ಆರು ಹತ್ತಕ್ಕೆ ಬರುತ್ತಾರೆ. ನಾವು ಐದು ಐವತ್ತು ಎಂದಿಟ್ಟೆವು, ಐದು ಐವತ್ತೈದಕ್ಕೆ ಹೊರಡುತ್ತೇವೆ. ತಡವಾಗಿ ಬಂದವರು ದಾರಿಯಲ್ಲಿ ಸೇರಿಕೊಳ್ಳಬಹುದು, ಏಕೆಂದರೆ ದಾರಿ ದಿನವೂ ಒಂದೇ.

ಬೆಳಗಿನ ಹೊತ್ತೇ ಶ್ರೇಷ್ಠ ಎಂಬ ಹಟವೂ ಬೇಡ. ಏಳೂವರೆಗೆ ಮಕ್ಕಳ ಡಬ್ಬಿ ಕಟ್ಟಬೇಕಾದ ತಾಯಂದಿರಿಗೆ ಆರು ಗಂಟೆಯ ನಡಿಗೆ ಎಂದರೆ ನಿದ್ದೆಗೆ ಕತ್ತರಿ. ನಮ್ಮ ಬೀದಿಯ ನಾಲ್ವರು ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಿದ ಕೂಡಲೇ, ಮನೆಗೆ ತಿರುಗದೆ, ಅಲ್ಲಿಂದಲೇ ಹೊರಡುತ್ತಾರೆ. ಮನೆಯೊಳಗೆ ಕಾಲಿಟ್ಟರೆ ಪಾತ್ರೆ ಕಾಣುತ್ತದೆ, ಆಮೇಲೆ ಹೊರಡಲಾಗುವುದಿಲ್ಲ ಎಂದು ಅವರೇ ಕಂಡುಕೊಂಡ ಉಪಾಯ ಅದು. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆಯವರು ಬಿಸಿಲೇರುವ ಮುಂಚೆ ಮುಗಿಸಬೇಕು ಅಥವಾ ಸೂರ್ಯ ಮುಳುಗಿದ ಮೇಲೆ ಹೊರಡಬೇಕು. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆಂದು ಸೂರಿರುವ ಬದಲಿ ಜಾಗವೊಂದನ್ನು ಮೇ ತಿಂಗಳಲ್ಲೇ ಗೊತ್ತು ಮಾಡಿಟ್ಟುಕೊಳ್ಳಬೇಕು: ಸಮುದಾಯ ಭವನದ ವರಾಂಡ, ದೇವಸ್ಥಾನದ ಪೌಳಿ, ಅಪಾರ್ಟ್‌ಮೆಂಟಿನ ಕೆಳಗಿನ ವಾಹನ ನಿಲ್ಲಿಸುವ ಜಾಗ.

ಹಿಂದೆ ಉಳಿಯುವವರನ್ನು ಉಳಿಸಿಕೊಳ್ಳುವುದು

ಗುಂಪುಗಳು ಒಡೆಯುವುದು ಜಗಳದಿಂದ ಎಂದುಕೊಂಡಿದ್ದೆ. ಹೆಚ್ಚಿನವು ಒಡೆಯುವುದು ವೇಗದಿಂದ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಮಂಡಿನೋವಿದ್ದ ಅಕ್ಕನೊಬ್ಬರು ಸೇರಿದ್ದರು. ನಾವು ಮುಂದೆ ಮುಂದೆ ಹೋಗಿ ಅಡ್ಡರಸ್ತೆಯಲ್ಲಿ ನಿಂತು ಅವರಿಗಾಗಿ ಕಾಯುತ್ತಿದ್ದೆವು. ಅವರು ಬಂದು ಸೇರಿದೊಡನೆ, ಹೊರಡೋಣವೇ ಎಂದು ಮತ್ತೆ ನಡೆಯುತ್ತಿದ್ದೆವು. ನಮಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತಿತ್ತು, ಅವರಿಗೆ ಒಂದು ಉಸಿರಿನಷ್ಟೂ ಇಲ್ಲ. ಎರಡನೆಯ ವಾರ ಅವರು ಬರುವುದನ್ನು ನಿಲ್ಲಿಸಿದರು. ಕೇಳಿದಾಗ ಮನೆಯಲ್ಲಿ ಕೆಲಸ ಎಂದರು. ನಿಜವಾದ ಕಾರಣ ತಿಂಗಳಾದ ಮೇಲೆ ಅವರ ಸೊಸೆಯಿಂದ ತಿಳಿಯಿತು: “ನನ್ನಿಂದ ಎಲ್ಲರಿಗೂ ತೊಂದರೆ” ಎಂದು ಅಂದುಕೊಂಡಿದ್ದರಂತೆ. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಆಮೇಲೆ ಕಂಡುಕೊಂಡ ಕ್ರಮ ಇದು. ದೂರದ ಬದಲು ಗಡಿಯಾರ ನೋಡಿ ನಡೆಯಿರಿ. ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ತಮ್ಮ ತಮ್ಮ ವೇಗದಲ್ಲಿ ಸರಿಯಾಗಿ ಹದಿನೈದು ನಿಮಿಷ ಒಂದೇ ದಾರಿಯಲ್ಲಿ ಮುಂದಕ್ಕೆ ಹೋಗುತ್ತಾರೆ. ಹದಿನೈದು ನಿಮಿಷ ಆದೊಡನೆ, ಎಲ್ಲಿದ್ದರೂ, ಹಿಂದಕ್ಕೆ ತಿರುಗುತ್ತಾರೆ. ಬಿರುಸಿನವರು ಒಂದು ಕಿಲೋಮೀಟರಿನಾಚೆ ಇರಬಹುದು, ನಿಧಾನದವರು ಪೋಸ್ಟ್ ಆಫೀಸಿನ ಹತ್ತಿರ ಇರಬಹುದು. ಹೋದ ವೇಗದಲ್ಲೇ ಬಂದರೆ ಎಲ್ಲರೂ ಒಂದೇ ಹೊತ್ತಿಗೆ ಹಾಲಿನ ಬೂತಿಗೆ ತಲುಪುತ್ತಾರೆ. ಯಾರೂ ಯಾರಿಗೂ ಕಾಯಬೇಕಿಲ್ಲ. ಇನ್ನೂ ಒಂದು ಚೆಲುವಿದೆ: ತಿರುಗಿದ ಕ್ಷಣದಿಂದ ಹಿಂದಿದ್ದವರೇ ಎಲ್ಲರಿಗಿಂತ ಮುಂದೆ ಇರುತ್ತಾರೆ.

ಅಕ್ಕನ ಮನೆಗೆ ಹೋಗಿ ಕ್ಷಮೆ ಕೇಳಿ, ಹೊಸ ಕ್ರಮವನ್ನು ವಿವರಿಸಿದೆ. ಮಾರನೆಯ ದಿನ ಬಂದರು. ಜೊತೆಗೆ ಇನ್ನೊಂದು ಕಟ್ಟುಪಾಡು ಮಾಡಿಕೊಂಡೆವು: ದಿನಕ್ಕೊಬ್ಬರು, ಸರದಿಯಂತೆ, ಎಲ್ಲರಿಗಿಂತ ಹಿಂದೆ ಇರುವವರ ಪಕ್ಕದಲ್ಲಿ ನಡೆಯಬೇಕು. ಮುಂದೆ ಹೋಗುವ ಬಲವಿದ್ದರೂ ಆ ದಿನ ಹೋಗುವಂತಿಲ್ಲ. ಹೊಸಬರು ಬಂದಾಗ ಈ ಸರದಿ ಬಹಳ ಮುಖ್ಯ, ಒಬ್ಬಂಟಿಯಾಗಿ ಉಳಿದ ಹೊಸಬರು ಮತ್ತೆ ಬರುವುದು ಅಪರೂಪ.

ವಾಟ್ಸಾಪ್ ಗುಂಪು: ಎರಡೇ ಸಂದೇಶ

ರಾತ್ರಿ ಒಂಬತ್ತರೊಳಗೆ, ನಾಳೆ ಬರುವುದಿಲ್ಲದವರು ಮಾತ್ರ ತಿಳಿಸಬೇಕು. ಮೌನವಾಗಿದ್ದವರು ಬರುತ್ತಾರೆಂದೇ ಅರ್ಥ. ಬೆಳಗ್ಗೆ ಹೊರಟವರು ‘ಹೊರಟೆ’ ಎಂದು ಒಂದು ಪದ ಹಾಕಬೇಕು. ಐದು ನಲವತ್ತೈದಕ್ಕೆ ಆ ಪದ ಒಂದರ ಹಿಂದೊಂದು ಬರತೊಡಗಿದರೆ ಹಾಸಿಗೆಯಲ್ಲಿರುವವರ ಕಾಲು ತಾನೇ ನೆಲಕ್ಕಿಳಿಯುತ್ತದೆ. ಶುಭೋದಯದ ಹೂವಿನ ಚಿತ್ರ, ಔಷಧದ ಫಾರ್ವರ್ಡ್, ರಾಜಕೀಯ ಯಾವುದೂ ಬೇಡ. ಅವು ತುಂಬಿದ ದಿನ ಜನ ಗುಂಪನ್ನು ಮ್ಯೂಟ್ ಮಾಡುತ್ತಾರೆ, ‘ಹೊರಟೆ’ಯೂ ಅವರಿಗೆ ಕೇಳಿಸದಂತಾಗುತ್ತದೆ.

ಬೆಳಗ್ಗೆ ಎದ್ದ ಮೇಲೆ ಬರುವುದಿಲ್ಲ ಎಂದು ಸಂದೇಶ ಹಾಕುವ ಅವಕಾಶವನ್ನು ನಾವು ಇಟ್ಟುಕೊಂಡಿಲ್ಲ. ಕಾಯಿಲೆಯಾದರೆ ಮಾತು ಬೇರೆ. ಉಳಿದಂತೆ ಬೂತಿನವರೆಗೆ ಬಂದು ಹೇಳಿ ಹೋಗಬೇಕು. ಮೊಬೈಲ್ ಇಲ್ಲದ ಮೇಷ್ಟ್ರು ನನಗೆ ಕಲಿಸಿದ ಪಾಠ ಅದು. ಹಾಗೆ ಹೇಳಲೆಂದು ಬಂದವರು ತಿರುಗಿ ಹೋದದ್ದು ನನಗೆ ನೆನಪಿಲ್ಲ.

ಹೆಜ್ಜೆ ನಿಮ್ಮದು, ಮೊತ್ತ ಎಲ್ಲರದು

ಯಾರು ಹೆಚ್ಚು ನಡೆದರು ಎಂಬ ಸ್ಪರ್ಧೆ ಒಂದು ವಾರ ಹುರುಪು ತರುತ್ತದೆ, ಎರಡನೆಯ ವಾರ ಕೊನೆಯ ಮೂವರನ್ನು ಮನೆಗೆ ಕಳುಹಿಸುತ್ತದೆ. ತಪ್ಪಿಸಿದವರಿಗೆ ಹತ್ತು ರೂಪಾಯಿ ದಂಡ ಎಂಬ ಪದ್ಧತಿಯನ್ನೂ ನಾನು ಒಪ್ಪುವುದಿಲ್ಲ. ದಂಡ ಕಟ್ಟಿದ ಮೇಲೆ ಬಾಕಿ ತೀರಿತು ಎಂಬ ನೆಮ್ಮದಿ ಬಂದುಬಿಡುತ್ತದೆ.

ಬದಲಿಗೆ ಎಲ್ಲರ ಕಿಲೋಮೀಟರನ್ನು ಕೂಡಿಸಿ, ಗೋಡೆಯ ಮೇಲೊಂದು ಕರ್ನಾಟಕದ ನಕ್ಷೆ ತೂಗುಹಾಕಿ. ಹನ್ನೊಂದು ಜನ, ಸರಾಸರಿ ಮೂರು ಕಿಲೋಮೀಟರ್, ವಾರಕ್ಕೆ ಐದು ದಿನ ಎಂದರೆ 165 ಕಿಲೋಮೀಟರ್. ಮೊದಲ ವಾರ ಮುಗಿಯುವುದರೊಳಗೆ ನಾವು ಬೆಂಗಳೂರು ದಾಟಿದ್ದೆವು. ಮೈಸೂರಿನಿಂದ ಬೀದರ್‌ಗೆ ಎಂಟುನೂರು ಕಿಲೋಮೀಟರಿಗೂ ಹೆಚ್ಚು. ಐದು ವಾರ ಬೇಕಾಯಿತು. ಚಿತ್ರದುರ್ಗ ಬಂದಾಗ ಒಬ್ಬರು ಓಬವ್ವನ ಕಿಂಡಿಯ ಕಥೆ ಹೇಳಿದರು, ಬಳ್ಳಾರಿ ಸೀಮೆ ಮುಟ್ಟಿದ ದಿನ ಅಲ್ಲಿಯವರೇ ಆದ ಒಬ್ಬರು ಮಂಡಕ್ಕಿ ಒಗ್ಗರಣೆ ಮಾಡಿ ತಂದರು. ಮಂಡಿನೋವಿನ ಅಕ್ಕನ ಒಂದು ಕಿಲೋಮೀಟರ್ ಕೂಡ ಆ ದಾರಿಯಲ್ಲಿತ್ತು. ಜ್ವರದಿಂದ ಮಲಗಿದ್ದವರು ಮಧ್ಯಾಹ್ನ ಫೋನ್ ಮಾಡಿ ಕೇಳುತ್ತಿದ್ದರು, “ಈಗ ಎಲ್ಲಿದ್ದೇವೆ?”

ನಕ್ಷೆಗೆ ಗುರುತು ಹಾಕುವ ಕೆಲಸ ತಿಂಗಳಿಗೊಬ್ಬರದು. ಗುಂಪನ್ನು ನಡೆಸುವ ಹೊಣೆಯೂ ಹಾಗೆಯೇ ಕೈಬದಲಾಗಬೇಕು. ಒಬ್ಬರೇ ಹೊತ್ತರೆ ಅವರು ಊರಿಗೆ ಹೋದ ವಾರ ಗುಂಪೂ ನಿಲ್ಲುತ್ತದೆ. ಹನ್ನೆರಡು ಜನ ಮೀರಿದರೆ ಎರಡು ಗುಂಪಾಗಿ, ಭಾನುವಾರ ಮಾತ್ರ ಒಟ್ಟಿಗೆ ಸೇರಿ.

ನಡಿಗೆ ಮುಗಿದ ಮೇಲೆ ಹತ್ತು ನಿಮಿಷ ಕೂತು ಕಾಫಿ ಕುಡಿಯುವುದು ಕಡ್ಡಾಯವೆಂದೇ ನಾನು ಹೇಳುತ್ತೇನೆ. ಎಷ್ಟೋ ಜನ ಬರುವುದೇ ಆ ಹತ್ತು ನಿಮಿಷಕ್ಕೆ. ಮಸಾಲೆ ದೋಸೆ ತಿಂಗಳಿಗೊಮ್ಮೆ ಸಾಕು: ಅರ್ಧ ಗಂಟೆಯ ನಡಿಗೆಯಲ್ಲಿ ಕರಗುವುದು ನೂರೈವತ್ತು ಕ್ಯಾಲೊರಿಯ ಆಸುಪಾಸು, ಒಂದು ದೋಸೆ ಅದನ್ನು ಸುಲಭವಾಗಿ ಮೀರಿಸುತ್ತದೆ.

ದಿನದ ಉಳಿದ ಹೊತ್ತು

ಬೆಳಗಿನ ಅರ್ಧ ಗಂಟೆಗೆ ಮೂರು ಸಾವಿರ ಹೆಜ್ಜೆ ಆಗುತ್ತದೆ. ಆಮೇಲೆ ಇಡೀ ದಿನ ಕುರ್ಚಿಗೆ ಅಂಟಿಕೊಂಡರೆ ಆರೇಳು ಸಾವಿರ ಮುಟ್ಟುವುದಿಲ್ಲ. ಇಲ್ಲಿಯೂ ಜೊತೆಗಾರರು ಬೇಕು.

ಊಟವಾದ ಮೇಲಿನ ನಡಿಗೆಯನ್ನು ಮನೆಯವರ ಜೊತೆ ಇಟ್ಟುಕೊಳ್ಳಿ. ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೆ ಊಟದಿಂದ ಏರುವ ರಕ್ತದ ಸಕ್ಕರೆ ತಗ್ಗುತ್ತದೆ, ಮಧುಮೇಹದ ಅಂಚಿನಲ್ಲಿರುವವರಿಗೆ ಇದು ದೊಡ್ಡ ನೆರವು. ರಾತ್ರಿ ಊಟದ ತಟ್ಟೆ ಎತ್ತಿದ ಮೇಲೆ ಟಿವಿ ಹಾಕುವ ಮುಂಚೆ ಬೀದಿಯ ಕೊನೆಯವರೆಗೆ ಎರಡು ಸುತ್ತು. ಕಚೇರಿಯಲ್ಲಿ ಮಧ್ಯಾಹ್ನದ ಡಬ್ಬಿ ಮುಗಿಸಿದ ಮೇಲೆ ಸಹೋದ್ಯೋಗಿಯೊಬ್ಬರೊಡನೆ ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ.

ಮಕ್ಕಳು ಪರದೇಶದಲ್ಲಿರುವ ಹಿರಿಯರಿಗೆ ಇನ್ನೊಂದು ದಾರಿಯಿದೆ. ನಮ್ಮ ಗುಂಪಿನ ತಾಯಿಯೊಬ್ಬರು ಸಂಜೆ ಏಳಕ್ಕೆ ತಾರಸಿಯಲ್ಲಿ ನಡೆಯುತ್ತ ನ್ಯೂಜೆರ್ಸಿಯ ಮಗಳೊಂದಿಗೆ ಮಾತಾಡುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಆಗ ಬೆಳಗ್ಗೆ ಒಂಬತ್ತೂವರೆ, ಮಗಳೂ ಪಾರ್ಕಿನಲ್ಲಿ ನಡೆಯುತ್ತಿರುತ್ತಾಳೆ. ಇಬ್ಬರ ಏದುಸಿರೂ ಇಬ್ಬರಿಗೂ ಕೇಳಿಸುತ್ತಿರುತ್ತದೆ. ರಸ್ತೆಯಲ್ಲಿ ಮಾತ್ರ ಕಿವಿಗೆ ಫೋನ್ ಬೇಡ.

ಕಾಲು, ಪಾದರಕ್ಷೆ, ಕಾಯಿಲೆ

ಹವಾಯಿ ಚಪ್ಪಲಿಯಲ್ಲಿ ನಡೆಯಬೇಡಿ. ಅದು ಜಾರದಂತೆ ಬೆರಳುಗಳು ದಿನವೂ ಬಿಗಿಹಿಡಿದು ಅಂಗಾಲು ನೋಯುತ್ತದೆ. ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯುವ ಶೂ ಇರಲಿ. ಸೀರೆಗೆ ಶೂ ಒಗ್ಗದು ಎನ್ನುವವರು ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಬಹುದು. ಕೊಳ್ಳುವುದು ಸಂಜೆಯ ಹೊತ್ತು, ಏಕೆಂದರೆ ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಅರ್ಧ ಬೆರಳಿನಷ್ಟು ಜಾಗ ಉಳಿಯಲಿ.

ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಕಾಲಿನ ಹುಣ್ಣು ಇರುವವರು ಮೊದಲು ವೈದ್ಯರನ್ನು ಕಾಣಲಿ. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಬೇಕು, ಅದು ಯಾವ ಜೇಬಿನಲ್ಲಿದೆ ಎಂಬುದು ಜೊತೆಯವರಿಗೂ ಗೊತ್ತಿರಬೇಕು. ಮಧುಮೇಹಿಗಳು ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಲಿ, ಸ್ಪರ್ಶ ಮಂದವಾಗಿರುವ ಕಾಲಿನಲ್ಲಿ ಬೊಬ್ಬೆ ಎದ್ದದ್ದೂ ತಿಳಿಯುವುದಿಲ್ಲ. ನಡೆಯುವಾಗ ಎದೆ ಹಿಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ ಅಲ್ಲೇ ಕೂರಿಸಿ 108ಕ್ಕೆ ಕರೆ ಮಾಡಿ. ಗ್ಯಾಸ್ ಇರಬಹುದೆಂದು ಮನೆಗೆ ನಡೆಸಿಕೊಂಡು ಹೋಗಬೇಡಿ.

ಬೀದಿನಾಯಿಗಳಿಗೆ ಹೆದರುವವರು ಬಹಳ. ಓಡಬೇಡಿ, ದಿಟ್ಟಿಸಿ ನೋಡಬೇಡಿ, ಒಟ್ಟಾಗಿ ನಿಧಾನವಾಗಿ ದಾಟಿ. ಪಾದಚಾರಿ ಮಾರ್ಗ ಇಲ್ಲದ ಕಡೆ ವಾಹನಗಳು ಎದುರಿನಿಂದ ಬರುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೊಬ್ಬರು ನಡೆಯಿರಿ. ನಸುಕಿನಲ್ಲಿ ಬಿಳಿ ಅಂಗಿ ತೊಡಿ.

ತಪ್ಪಿದ ದಿನಗಳು

ತಪ್ಪುತ್ತವೆ. ಧನುರ್ಮಾಸದ ಚಳಿ, ಗೌರಿ ಗಣೇಶ, ದಸರೆಗೆ ಬರುವ ನೆಂಟರು, ಮಾರ್ಚ್ ತಿಂಗಳ ಮಕ್ಕಳ ಪರೀಕ್ಷೆ ಇವೆಲ್ಲ ವರ್ಷವೂ ಬರುವಂಥವು. ಲಂಡನ್ನಿನ ಸಂಶೋಧಕರು ಹೊಸ ಅಭ್ಯಾಸವೊಂದು ರೂಢಿಯಾಗಲು ಎಷ್ಟು ದಿನ ಬೇಕೆಂದು ಅಳೆದಾಗ ಸರಾಸರಿ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254. ಅಲ್ಲೊಂದು ಇಲ್ಲೊಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ.

ನಮ್ಮಲ್ಲಿ ಎರಡು ದಿನ ಬರದವರನ್ನು ಯಾರೂ ಏನೂ ಕೇಳುವುದಿಲ್ಲ. ಮೂರನೆಯ ದಿನ ಸಂಜೆ ಒಬ್ಬರು ಮನೆಗೇ ಹೋಗುತ್ತಾರೆ. ಯಾಕೆ ಬರಲಿಲ್ಲ ಎಂಬ ಪ್ರಶ್ನೆ ನಿಷಿದ್ಧ, ಅದಕ್ಕೆ ಸಿಗುವುದು ನೆಪ ಮಾತ್ರ. “ನಾಳೆ ಐದೂ ಮುಕ್ಕಾಲಿಗೆ ನಿಮ್ಮ ಗೇಟಿನ ಹತ್ತಿರ ಇರುತ್ತೇನೆ, ಹತ್ತು ನಿಮಿಷ ಮಾತ್ರ ನಡೆಯೋಣ” ಎಂದು ಹೇಳಿ ಬರುತ್ತಾರೆ. ಬಿಟ್ಟು ಬಹಳ ದಿನವಾದವರು ಮೊದಲಿದ್ದ ಲೆಕ್ಕದ ಅರ್ಧದಿಂದ ಆರಂಭಿಸಲಿ. ಮೇಷ್ಟ್ರು ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಮೂರು ವಾರ ಮನೆಯಲ್ಲಿದ್ದಾಗ ನಾವು ಸರದಿಯಂತೆ ಸಂಜೆ ಹೋಗಿ ಅವರ ಹಜಾರದಲ್ಲೇ, ಗೋಡೆಯಿಂದ ಗೋಡೆಗೆ, ಜೊತೆಯಲ್ಲಿ ನಿಧಾನವಾಗಿ ಹೆಜ್ಜೆ ಹಾಕಿದೆವು.

ದೊಡ್ಡದೊಂದು ದಿನವನ್ನು ಗೊತ್ತು ಮಾಡಿ

ನಾಲ್ಕೈದು ತಿಂಗಳಾದ ಮೇಲೆ ಎಲ್ಲರೂ ಸೇರಿ ಮಾಡುವ ಒಂದು ನಡಿಗೆ ಇರಲಿ. ದಿನಾಂಕವನ್ನು ಎರಡು ತಿಂಗಳು ಮುಂಚೆಯೇ ಕ್ಯಾಲೆಂಡರಿನಲ್ಲಿ ಬರೆಯಿರಿ. ನಾವು ಆರಿಸಿದ್ದು ಚಾಮುಂಡಿ ಬೆಟ್ಟದ ಮೆಟ್ಟಿಲು. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಆದ ಈ ಸಾವಿರ ಮೆಟ್ಟಿಲಿನ ದಾರಿಯಲ್ಲಿ ಏಳುನೂರರ ಸುಮಾರಿಗೆ ದೊಡ್ಡ ನಂದಿ ಸಿಗುತ್ತದೆ. ಅಲ್ಲಿಯವರೆಗಿನದೇ ಕಡಿದಾದ ಏರು. ತಯಾರಿಗೆಂದು ಆರು ವಾರ, ವಾರಕ್ಕೆರಡು ದಿನ, ಸಮುದಾಯ ಭವನದ ಮೆಟ್ಟಿಲು ಹತ್ತಿ ಇಳಿದೆವು. ಮಂಡಿಗೆ ಹೆಚ್ಚು ಭಾರ ಬೀಳುವುದು ಇಳಿಯುವಾಗ. ನೋವಿರುವವರು ಹತ್ತಿ, ವಾಪಸು ಬಸ್ಸಿನಲ್ಲಿ ಬರುವಂತೆ ಮೊದಲೇ ಯೋಜಿಸಿಕೊಳ್ಳಬೇಕು. ಆಷಾಢ ಶುಕ್ರವಾರದ ಜನಸಂದಣಿ ಬೇಡ.

ಅಕ್ಕ ಐವತ್ತು ಮೆಟ್ಟಿಲಿಗೊಮ್ಮೆ ಕೂತರು. ಆ ದಿನ ಅವರ ಪಕ್ಕದಲ್ಲಿ ನಡೆಯುವ ಸರದಿ ನನ್ನದು. ಮಂಗಗಳನ್ನು ನೋಡುತ್ತ, ಕೆಳಗೆ ಮಂಜಿನಲ್ಲಿ ಅರಮನೆಯ ಗುಮ್ಮಟ ಹುಡುಕುತ್ತ ಒಂದೂವರೆ ಗಂಟೆಗೆ ನಂದಿಯ ಹತ್ತಿರ ಬಂದೆವು. ಉಳಿದವರೆಲ್ಲ ಅಲ್ಲೇ ಕೂತಿದ್ದರು. ಅಕ್ಕ ಬಂದು ಕೂತು, ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ತಾವಾಗಿ ಸಾಕೆನ್ನುವವರೆಗೆ ಸುಧಾರಿಸಿಕೊಂಡರು. ಒಬ್ಬರೂ ಮೇಲೆದ್ದಿರಲಿಲ್ಲ. “ಹೊರಡೋಣವೇ?” ಎಂದು ಕೇಳಿದವರು ಅವರೇ.